ಹಳೆಯ ಫೈಬರ್ ದೋಣಿ: ನೆಲಕ್ಕಿಂತ ಮೊದಲು ತೊಲೆ ನೋಡಿ

ಪ್ರಶ್ನೆ: ನಾವು ತುಮಕೂರು ಜಿಲ್ಲೆಯ ಕುಣಿಗಲ್ ತಾಲ್ಲೂಕಿನವರು. ಮಾರ್ಕೋನಹಳ್ಳಿ ಜಲಾಶಯದಲ್ಲಿ ಮೀನು ಹಿಡಿಯುವ ನಮ್ಮ ಗುಂಪು ಕರಾವಳಿಯ ಕಡೆಯಿಂದ 16 ಅಡಿಯ ಹಳೆಯ ಫೈಬರ್ ದೋಣಿಯೊಂದನ್ನು ಕೊಂಡು ತಂದಿದೆ. ಹೊರಗಿನಿಂದ ಚೆನ್ನಾಗಿಯೇ ಕಾಣುತ್ತದೆ. ಆದರೆ ಮಧ್ಯದಲ್ಲಿ ನಿಂತರೆ ನೆಲ ಒಳಕ್ಕೆ ಕುಗ್ಗಿ ಮತ್ತೆ ಮೇಲೇಳುತ್ತದೆ. 15 ಎಚ್‌ಪಿ ಎಂಜಿನ್ ಹಾಕಿ ವೇಗ ಹೆಚ್ಚಿಸಿದರೆ ಎಂಜಿನ್ ಕೂರುವ ಹಿಂಬದಿಯ ಹಲಗೆ ಅಲುಗುತ್ತದೆ. ಫೈಬರ್ ಕೆಲಸದವರೊಬ್ಬರು ಬಂದು ನೋಡಿ, ಹಳೆಯ ನೆಲದ ಮೇಲೆಯೇ 12 ಮಿ.ಮೀ. ಪ್ಲೈವುಡ್ ಹೊಡೆದು ಎರಡು ಪದರ ಗಾಜಿನ ಎಳೆಯ ಮ್ಯಾಟ್ ಹಾಕಿದರೆ ಸಾಕು, ಮೂರು ದಿನದ ಕೆಲಸ ಎಂದರು. ಅಷ್ಟು ಸಾಕೇ? ನೆಲದ ಕೆಳಗೆ ತೇಲಲೆಂದು ಥರ್ಮಕೋಲ್ ತುಂಬಬಹುದೇ? ಯಾವ ತಿಂಗಳಲ್ಲಿ ಈ ಕೆಲಸ ಹಿಡಿಯುವುದು ಒಳ್ಳೆಯದು?

ಉತ್ತರ: ನಮಸ್ಕಾರ. ಮೊದಲ ಪ್ರಶ್ನೆಗೆ ನೇರ ಉತ್ತರ: ಸಾಲದು. ಹಳೆಯ ನೆಲದ ಮೇಲೆ ಹೊಸ ಪ್ಲೈವುಡ್ ಹೊಡೆಯಲು ದಯವಿಟ್ಟು ಒಪ್ಪಬೇಡಿ. ಆ ಕೆಲಸದವರು ಮೋಸದ ಮಾತು ಆಡಿದ್ದಾರೆ ಎಂದು ನಾನು ಹೇಳುತ್ತಿಲ್ಲ. ನೀರಿನ ಟ್ಯಾಂಕು, ಬಾಗಿಲು, ಗೋಪುರದ ಗೊಂಬೆ ಮಾಡುವ ಕೈಗಳಿಗೆ ರೆಸಿನ್ (ಗಾಜಿನ ಎಳೆಗಳನ್ನು ಹಿಡಿದು ಗಟ್ಟಿಯಾಗುವ ದ್ರವ) ಮತ್ತು ರೋಲರ್ ಚೆನ್ನಾಗಿ ಒಗ್ಗಿರುತ್ತವೆ. ದೋಣಿಯ ಮೇಲೆ ಬೀಳುವ ಒತ್ತಡ ಅವರ ನಿತ್ಯದ ಕೆಲಸದಲ್ಲಿ ಎದುರಾಗುವುದಿಲ್ಲ. ಜಂತಿ ಕೊಳೆತ ಮನೆಗೆ ಹೊಸ ಹೆಂಚು ಹೊದಿಸಿದರೆ ಏನಾಗುತ್ತದೋ ಇಲ್ಲಿಯೂ ಅದೇ ಆಗುತ್ತದೆ: ಭಾರ ಹೆಚ್ಚುತ್ತದೆ, ಆಧಾರ ಇದ್ದಷ್ಟೇ ಇರುತ್ತದೆ.

ನಿಮ್ಮ ದೋಣಿಯ ತಳದ ಫೈಬರ್ ಹೆಚ್ಚೆಂದರೆ ಐದಾರು ಮಿಲಿಮೀಟರ್ ದಪ್ಪವಿರಬಹುದು. ಅಷ್ಟು ತೆಳುವಾದ ತಳ ಅಲೆಯ ಹೊಡೆತಕ್ಕೆ, ಏಳೆಂಟು ಜನರ ಭಾರಕ್ಕೆ ಬಾಗದೆ ನಿಲ್ಲುವುದು ಅದರ ಒಳಮೈಗೆ ಅಂಟಿಸಿದ ಉದ್ದ ತೊಲೆಗಳಿಂದ. ಇವನ್ನು ಸ್ಟ್ರಿಂಗರ್ ಎನ್ನುತ್ತಾರೆ. ಮೂತಿಯ ಕಡೆಯಿಂದ ಹಿಂಬದಿಯ ಹಲಗೆಯವರೆಗೆ ಸಾಮಾನ್ಯವಾಗಿ ಎರಡು ಇರುತ್ತವೆ, ಅವುಗಳ ನಡುವೆ ಅಡ್ಡತೊಲೆಗಳು. ಇವುಗಳ ಮೇಲೆ ನೆಲ ಕೂತು, ಅಂಚುಗಳು ದೋಣಿಯ ಪಕ್ಕಗಳಿಗೆ ಫೈಬರ್‌ನಿಂದ ಬೆಸೆದುಕೊಂಡಾಗ ಇಡೀ ದೋಣಿ ಒಂದು ಮುಚ್ಚಿದ ಪೆಟ್ಟಿಗೆಯಾಗುತ್ತದೆ. ಬಲ ಇರುವುದು ಆ ಪೆಟ್ಟಿಗೆಯಲ್ಲಿ. ತೊಲೆಯೊಳಗಿನ ಮರ ಕೊಳೆತರೆ, ಅಥವಾ ತೊಲೆಗೂ ತಳಕ್ಕೂ ನಡುವಿನ ಬೆಸುಗೆ ಬಿಟ್ಟರೆ, ಅದು ಹೊರಗೆ ಕಾಣುವುದೇ ಇಲ್ಲ. ಎಷ್ಟೋ ದಿನಗಳ ಬಳಿಕ ಕಾಲಿಗೆ ನೆಲ ಮೆತ್ತಗೆ ತಾಗುತ್ತದೆ. ನೆಲ ಮೆತ್ತಗಾಗುವುದು ರೋಗದ ಕೊನೆಯ ಲಕ್ಷಣ. ನಿಮ್ಮಲ್ಲಿ ಹಿಂಬದಿಯ ಹಲಗೆಯೂ ಅಲುಗುತ್ತಿದೆ ಎಂದಮೇಲೆ ನೀರು ದೋಣಿಯ ಉದ್ದಕ್ಕೂ ಓಡಾಡಿದೆ ಎಂದೇ ಹಿಡಿದು ಹೊರಡಿ.

ಏನನ್ನೂ ಕತ್ತರಿಸುವ ಮೊದಲು ಪರೀಕ್ಷೆ ಮಾಡಿ, ಖರ್ಚಿಲ್ಲದ್ದು. ಹಿಂಬದಿಯಲ್ಲಿ ನೀರು ಬಿಡುವ ರಂಧ್ರದ ಬಿರಟೆ, ಅಂದರೆ ಡ್ರೈನ್ ಪ್ಲಗ್ ತೆಗೆದು, ಮೂತಿಯನ್ನು ಒಂದಡಿ ಎತ್ತರಿಸಿ, ನೆರಳಿನಲ್ಲಿ ಒಂದು ವಾರ ಬಿಡಿ. ಆಮೇಲೆ ಸ್ಕ್ರೂಡ್ರೈವರಿನ ಪ್ಲಾಸ್ಟಿಕ್ ಹಿಡಿಯಿಂದ ನೆಲ, ತೊಲೆ, ಹಿಂಬದಿಯ ಹಲಗೆಯನ್ನು ಅಂಗೈ ಅಗಲಕ್ಕೊಂದರಂತೆ ತಟ್ಟುತ್ತ ಹೋಗಿ. ಗಟ್ಟಿ ಇದ್ದಲ್ಲಿ ಟಕ್ ಟಕ್ ಎಂಬ ಬಿಗಿಯಾದ ಸದ್ದು. ಪದರ ಬಿಟ್ಟಲ್ಲಿ ಅಥವಾ ಕೊಳೆತಲ್ಲಿ ಮಂಕು ಸದ್ದು. ಮಂಕು ಸದ್ದು ಬಂದ ಜಾಗವನ್ನು ಸೀಮೆಸುಣ್ಣದಿಂದ ಸುತ್ತು ಹಾಕಿ. ಹಾಗೆ ಗುರುತು ಮಾಡಿದ ಕಡೆ, ತೊಲೆಯ ಪಕ್ಕದಿಂದ, 5 ಮಿ.ಮೀ. ಡ್ರಿಲ್‌ನಲ್ಲಿ ತಳಕ್ಕೆ ತಾಗದಂತೆ ಸಣ್ಣ ತೂತು ಕೊರೆಯಿರಿ. ಡ್ರಿಲ್ ಜೊತೆ ಹೊರಬರುವ ಪುಡಿಯನ್ನು ಬೆರಳಲ್ಲಿ ಹಿಡಿದು ನೋಡಿ. ತಿಳಿಬಣ್ಣದ ಒಣ ಸುರುಳಿಗಳು ಬಂದರೆ ಆ ಭಾಗ ಬದುಕಿದೆ. ಕಪ್ಪಗೆ, ಒದ್ದೆಯಾಗಿ, ಬೆರಳಿಗೆ ಮೆತ್ತಿಕೊಂಡು, ಮೂಸಿದರೆ ಹುಳಿ ವಾಸನೆ ಬಂದರೆ ಆ ತೊಲೆಯಲ್ಲಿ ಮರವೇ ಉಳಿದಿಲ್ಲ. ಹಿಂಬದಿಯ ಹಲಗೆಯಲ್ಲಿ ಎಂಜಿನ್ ಬೋಲ್ಟ್‌ಗಳ ಕೆಳಗೆ ಮತ್ತು ಡ್ರೈನ್ ರಂಧ್ರದ ಸುತ್ತ ತಪ್ಪದೆ ಕೊರೆದು ನೋಡಿ. ನೀರು ಮೊದಲು ಒಳಹೋಗುವುದು ಅಲ್ಲಿಂದಲೇ.

ಇನ್ನೊಂದು ಸಲಹೆ. ದೋಣಿಯನ್ನು ಟ್ರಾಕ್ಟರಿನಲ್ಲಿ ಹೇರಿಕೊಂಡು ಹೋಗಿ ವೇಬ್ರಿಡ್ಜ್‌ನಲ್ಲಿ ತೂಗಿಸಿ, ಆಮೇಲೆ ಖಾಲಿ ಟ್ರಾಕ್ಟರನ್ನು ತೂಗಿಸಿ. ದುರಸ್ತಿ ಮುಗಿದ ಮೇಲೆ ಮತ್ತೊಮ್ಮೆ ತೂಗಿಸಿ ಎರಡನ್ನೂ ಬರೆದಿಡಿ. ಹಳೆಯ ದೋಣಿಗಳ ನೆಲದ ಕೆಳಗೆ ತೇಲಲೆಂದು ತುಂಬಿದ ಫೋಮ್‌ನಲ್ಲಿ ನೂರಾರು ಲೀಟರ್ ನೀರು ಅಡಗಿರಬಲ್ಲದು. ಎಂಜಿನ್ ಎಳೆಯುವುದಿಲ್ಲ ಎಂದು ಎಂಜಿನ್ನನ್ನೇ ದೂರುವವರ ದೋಣಿಗಳಲ್ಲಿ ಕಾರಣ ಬಹಳ ಸಲ ಇದೇ ಆಗಿರುತ್ತದೆ.

ಈಗ ಇಡೀ ಕೆಲಸದಲ್ಲಿ ಅತಿ ಮುಖ್ಯವಾದ, ಆದರೂ ಹೆಚ್ಚಿನವರು ಬಿಟ್ಟುಬಿಡುವ ಹಂತ. ನೆಲ ಮತ್ತು ತೊಲೆ ತೆಗೆದ ಕೂಡಲೇ ದೋಣಿಯ ಮೈ ಸಡಿಲವಾಗುತ್ತದೆ. ಪಕ್ಕಗಳು ಹೊರಕ್ಕೆ ಅಗಲಿಕೊಳ್ಳುತ್ತವೆ, ತಳ ತನ್ನ ಭಾರಕ್ಕೇ ಇಳಿಯುತ್ತದೆ. ಆ ಸ್ಥಿತಿಯಲ್ಲಿ ಹೊಸ ತೊಲೆ ಬೆಸೆದರೆ ಸೊಟ್ಟವೇ ಶಾಶ್ವತವಾಗುತ್ತದೆ. ಅಂಥ ದೋಣಿ ನೀರಿನಲ್ಲಿ ಯಾವಾಗಲೂ ಒಂದು ಕಡೆಗೆ ಎಳೆಯುತ್ತದೆ. ಆದ್ದರಿಂದ ದೋಣಿಯನ್ನು ಟೈರುಗಳ ಮೇಲೆ ಅಥವಾ ಬರಿಯ ಮಣ್ಣಿನ ಮೇಲೆ ಇಡಬೇಡಿ. ತಳದ ಆಕಾರಕ್ಕೆ ಕತ್ತರಿಸಿದ ಹಲಗೆಗಳನ್ನು ನಾಲ್ಕು ಅಡಿಗೊಂದರಂತೆ ನಿಲ್ಲಿಸಿ, ಮೇಲೆ ಹಳೆಯ ಗೋಣಿಚೀಲ ಹಾಸಿ ಅದರ ಮೇಲೆ ಕೂರಿಸಿ. ಗಾರೆ ಕೆಲಸದವರ ಟ್ಯೂಬ್ ಲೆವೆಲ್ ಇದೆಯಲ್ಲ, ನೀರು ತುಂಬಿದ ಆ ಪಾರದರ್ಶಕ ಪೈಪು, ಅದಕ್ಕಿಂತ ಒಳ್ಳೆಯ ಸಾಧನ ಬೇಡ. ದೋಣಿಯ ಎರಡು ಅಂಚುಗಳ ಮೇಲೂ ಹಿಂದೆ, ಮಧ್ಯದಲ್ಲಿ, ಮುಂದೆ ಗುರುತು ಮಾಡಿ, ಎಡಬಲದ ಗುರುತುಗಳು ಒಂದೇ ಮಟ್ಟಕ್ಕೆ ಬರುವವರೆಗೆ ಸರಿಮಾಡಿ. ಅದೇ ಗುರುತುಗಳ ನಡುವೆ ಅಗಲವನ್ನೂ ಮೂಲೆಯಿಂದ ಮೂಲೆಗೆ ಕರ್ಣವನ್ನೂ ಅಳೆದು ದೋಣಿಯ ಒಳಮೈ ಮೇಲೆಯೇ ಬರೆಯಿರಿ. ಆಮೇಲೆ ಅಂಚಿನಿಂದ ಅಂಚಿಗೆ ಮೂರು ಕಡೆ ಅಡ್ಡಪಟ್ಟಿ ಬಿಗಿಯಿರಿ. ಕೆಲಸ ಮುಗಿಯುವವರೆಗೆ ಆ ಪಟ್ಟಿಗಳನ್ನು ಯಾರೂ ಬಿಚ್ಚಬಾರದು, ಕಾಲಿಗೆ ಅಡ್ಡ ಬರುತ್ತದೆ ಎಂದು ಎಷ್ಟೇ ಗೊಣಗಿದರೂ.

ನೆಲ ಕತ್ತರಿಸುವಾಗ ವೃತ್ತಾಕಾರದ ಗರಗಸದ ಆಳವನ್ನು ಪ್ಲೈವುಡ್‌ನ ದಪ್ಪಕ್ಕೆ ಮಾತ್ರ ಹೊಂದಿಸಿ. ಸುತ್ತಲೂ ಪಕ್ಕದಿಂದ ಎರಡು ಮೂರು ಅಂಗುಲ ಹಳೆಯ ನೆಲವನ್ನು ಬಿಟ್ಟು ಕತ್ತರಿಸಿದರೆ ಹೊಸ ನೆಲ ಯಾವ ಎತ್ತರಕ್ಕೆ ಬರಬೇಕು ಎಂಬ ಗುರುತು ಉಳಿಯುತ್ತದೆ. ಆ ಅಂಚನ್ನು ಆಮೇಲೆ ಗ್ರೈಂಡರ್‌ನಲ್ಲಿ ಉಜ್ಜಿ ತೆಗೆಯಬಹುದು. ಸಾಧ್ಯವಾದರೆ ನೆಲವನ್ನು ಚೂರು ಮಾಡದೆ ಇಡಿಯಾಗಿ ಎತ್ತಿ. ಕೊಳೆತಿದ್ದರೂ ಹೊಸ ಪ್ಲೈವುಡ್ ಕತ್ತರಿಸಲು ಅದೇ ಅಚ್ಚು. ತೊಲೆಗಳ ಎತ್ತರ, ಅಗಲ, ಒಂದರಿಂದೊಂದಕ್ಕೆ ಇರುವ ದೂರ ಎಲ್ಲವನ್ನೂ ಅಡಿಪಟ್ಟಿ ಇಟ್ಟು ಫೋಟೊ ತೆಗೆಯಿರಿ.

ತೆರೆದ ಮೇಲೆ ಒಳಗಿನ ಹಳೆಯ ಫೋಮ್ ಅನ್ನು ಪೂರ್ತಿ ತೆಗೆಯಿರಿ. ಅದರ ಒಂದು ತುಂಡನ್ನು ಮುಷ್ಟಿಯಲ್ಲಿ ಹಿಂಡಿ ನೋಡಿದರೆ ನೀರು ಎಷ್ಟು ಕುಡಿದಿದೆ ಎಂಬುದು ಗೊತ್ತಾಗುತ್ತದೆ. ಬಿಸಿಲಿಗಿಟ್ಟು ಒಣಗಿಸಿ ಮತ್ತೆ ತುಂಬೋಣ ಎಂಬ ಆಸೆ ಬೇಡ.

ತೊಲೆಗಳನ್ನು ಎರಡೂ ಒಟ್ಟಿಗೆ ಕಿತ್ತುಹಾಕಬೇಡಿ. ಒಂದನ್ನು ತೆಗೆದು, ಹೊಸದನ್ನು ಕೂರಿಸಿ, ಗಟ್ಟಿಯಾದ ಮೇಲೆ ಇನ್ನೊಂದಕ್ಕೆ ಕೈ ಹಾಕಿ. ಹಳೆಯ ತೊಲೆಯ ಮೇಲಿನ ಫೈಬರ್ ಹೊದಿಕೆಯನ್ನು ಕತ್ತರಿಸುವಾಗ ಬ್ಲೇಡ್ ತಳಕ್ಕೆ ತಾಗದಂತೆ ಬುಡದಲ್ಲಿ ಒಂದಿಂಚು ಬಿಟ್ಟು, ಉಳಿದದ್ದನ್ನು ನಿಧಾನವಾಗಿ ಉಜ್ಜಿ ಇಳಿಸಿ.

ಹೊಸ ತೊಲೆ ಯಾವುದರದ್ದು ಇರಬೇಕು ಎಂಬ ಪ್ರಶ್ನೆ ನಿಮ್ಮ ಊರಿನಲ್ಲಿ ಖಂಡಿತ ಏಳುತ್ತದೆ, ಮತ್ತು ತೋಟದ ಬದುವಿನ ಸಿಲ್ವರ್ ಓಕ್ ಕಡಿದು ಕೊಡಲು ಯಾರಾದರೂ ಮುಂದೆ ಬರುತ್ತಾರೆ. ಹಸಿ ಮರ ಬೇಡವೇ ಬೇಡ. ತೇವಾಂಶ ಶೇ 15ಕ್ಕಿಂತ ಹೆಚ್ಚಿರುವ ಮರಕ್ಕೆ ರೆಸಿನ್ ಸರಿಯಾಗಿ ಹಿಡಿಯುವುದಿಲ್ಲ. ತೇಗ ಬಾಳಿಕೆ ಬರುವ ಮರವೇ ಸರಿ, ಆದರೆ ಅದರ ಎಣ್ಣೆಯ ಅಂಶ ಫೈಬರ್ ಅಂಟಲು ಬಿಡುವುದಿಲ್ಲ. ನನ್ನ ಅಭಿಪ್ರಾಯ ಕೇಳಿದರೆ, ತೊಲೆಯ ಒಳಗೆ ಮರವನ್ನೇ ಇಡಬೇಡಿ. ಗಟ್ಟಿ ಪಾಲಿಯುರೆಥೇನ್ ಫೋಮ್ ಹಲಗೆಯನ್ನು ತೊಲೆಯ ಆಕಾರಕ್ಕೆ ಕೊಯ್ದು, ಅದರ ಮೇಲೆ ದಪ್ಪನಾಗಿ ಫೈಬರ್ ಹಾಕಿ. ಭಾರ ಹೊರುವುದು ಫೈಬರ್ ಹೊದಿಕೆ. ಫೋಮ್ ಇರುವುದು ಆಕಾರಕ್ಕೆ ಮಾತ್ರ. ಕೊಳೆಯುವ ವಸ್ತುವೇ ಇಲ್ಲದ ತೊಲೆ ನಿಮ್ಮ ಮಕ್ಕಳ ಕಾಲಕ್ಕೂ ಇರುತ್ತದೆ. ಸೀಟಿನ ಕಾಲು ಅಥವಾ ಬೋಲ್ಟ್ ಬರುವ ಜಾಗದಲ್ಲಷ್ಟೇ ಫೋಮ್ ಬದಲು ರೆಸಿನ್ ಕುಡಿಸಿದ ಪ್ಲೈವುಡ್ ತುಂಡು ಇಡಿ.

ಇಲ್ಲಿಯೇ ಥರ್ಮಕೋಲ್ ಮಾತು ಮುಗಿಸಿಬಿಡುತ್ತೇನೆ. ಪಾಲಿಯೆಸ್ಟರ್ ರೆಸಿನ್‌ನಲ್ಲಿರುವ ಸ್ಟೈರೀನ್ ಎಂಬ ದ್ರಾವಕ ತಾಗಿದರೆ ಥರ್ಮಕೋಲ್ ಕರಗಿಹೋಗುತ್ತದೆ. ಪೆಟ್ರೋಲ್ ತಾಗಿದರೂ ಹಾಗೆಯೇ. ಎಂಜಿನ್ ದೋಣಿಯ ನೆಲದ ಕೆಳಗೆ ಒಂದಲ್ಲ ಒಂದು ದಿನ ಪೆಟ್ರೋಲ್ ಸೇರದೆ ಇರುವುದಿಲ್ಲ. ತೇಲುವ ಫೋಮ್ ಬೇಕೇ ಬೇಕು, ಆದರೆ ಅದು ಮುಚ್ಚಿದ ಕಣಗಳ, ಅಂದರೆ ಒಳಗಿನ ಗುಳ್ಳೆಗಳು ಒಂದಕ್ಕೊಂದು ತೆರೆದುಕೊಳ್ಳದ ಪಾಲಿಯುರೆಥೇನ್ ಆಗಿರಲಿ. ಅಂಥ ಫೋಮ್ 100 ಲೀಟರ್ ಇದ್ದರೆ ಸುಮಾರು 95 ಕೆಜಿಯನ್ನು ನೀರಿನಲ್ಲಿ ಎತ್ತಿ ಹಿಡಿಯುತ್ತದೆ. ನಿಮ್ಮ ಅಳತೆಯ ದೋಣಿ, ಎಂಜಿನ್, ಜೊತೆಗೆ ಅಂಚು ಹಿಡಿದು ನೇತಾಡುವ ಐದಾರು ಜನ ಎಂದು ಲೆಕ್ಕ ಹಾಕಿದರೆ 250 ಲೀಟರ್‌ಗೆ ಕಡಿಮೆ ಬೇಡ. ಎಲ್ಲವನ್ನೂ ನೆಲದ ಕೆಳಗೇ ತುಂಬಿದರೆ ಇನ್ನೊಂದು ಅಪಾಯವಿದೆ: ದೋಣಿಗೆ ನೀರು ತುಂಬಿದಾಗ ಕೆಳಗಿನ ಫೋಮ್ ಮೇಲಕ್ಕೆ ಬರಲು ನೋಡಿ ದೋಣಿ ಮಗುಚಿಕೊಳ್ಳುತ್ತದೆ. ಆದ್ದರಿಂದ ಅರ್ಧಕ್ಕಿಂತ ಹೆಚ್ಚು ಫೋಮ್ ಪಕ್ಕಗಳಲ್ಲಿ, ಅಂಚಿನ ಕೆಳಗೆ ಮತ್ತು ಸೀಟುಗಳ ಒಳಗೆ ಎತ್ತರದಲ್ಲಿರಲಿ. ಅಷ್ಟೆಲ್ಲ ಮಾಡಿದರೂ ಲೈಫ್ ಜಾಕೆಟ್ ತೊಡದೆ ಯಾರೂ ಹತ್ತಬೇಡಿ. ಈಜು ಬಲ್ಲವನಿಗೂ ಬಲೆ ಕಾಲಿಗೆ ಸುತ್ತಿಕೊಳ್ಳುತ್ತದೆ.

ಈಗ ಬೆಸುಗೆಯ ವಿಷಯ. ಈ ಕೆಲಸದ ಪ್ರಾಣ ಇರುವುದು ಇಲ್ಲಿ, ಸ್ವಲ್ಪ ತಾಳ್ಮೆಯಿಂದ ಓದಿ.

ಹೊಸ ಅಚ್ಚಿನಲ್ಲಿ ಫೈಬರ್ ಹಾಕುವಾಗ ಒಂದು ಪದರ ಹಸಿ ಇರುವಾಗಲೇ ಮುಂದಿನದು ಕೂರುತ್ತದೆ, ಎರಡೂ ಒಂದೇ ಆಗುತ್ತವೆ. ವರ್ಷಗಳ ಹಿಂದೆ ಗಟ್ಟಿಯಾದ ನಿಮ್ಮ ದೋಣಿಯ ತಳದೊಂದಿಗೆ ಹೊಸ ರೆಸಿನ್ ಹಾಗೆ ಒಂದಾಗುವುದಿಲ್ಲ. ಅದು ಬರಿಯ ಅಂಟು. ಅಂಟು ಹಿಡಿಯಬೇಕಾದರೆ ಹಳೆಯ ಮೈಯನ್ನು ಒರಟು ಮಾಡಲೇಬೇಕು. 36 ಅಥವಾ 40 ನಂಬರಿನ ಸ್ಯಾಂಡಿಂಗ್ ಡಿಸ್ಕ್‌ನಲ್ಲಿ ಉಜ್ಜಿ. ಬಣ್ಣ, ಎಣ್ಣೆ, ಪಾಚಿ ಎಲ್ಲ ಹೋಗಿ, ಎಲ್ಲಿಯೂ ಹೊಳಪು ಉಳಿಯದೆ, ಮಂಕಾದ ಗಾಜಿನ ಎಳೆಗಳು ಕಾಣಬೇಕು. ಉಜ್ಜುವ ಮೊದಲೂ ಒಮ್ಮೆ ಅಸಿಟೋನ್‌ನಿಂದ ಒರೆಸಿ, ಇಲ್ಲವಾದರೆ ಎಣ್ಣೆಯನ್ನೇ ಗೀರುಗಳ ಒಳಕ್ಕೆ ತಿಕ್ಕಿದಂತಾಗುತ್ತದೆ. ಉಜ್ಜಿದ ಮೇಲೆ ಧೂಳು ತೆಗೆದು, ಸ್ವಚ್ಛ ಬಟ್ಟೆಯಿಂದ ಮತ್ತೊಮ್ಮೆ ಅಸಿಟೋನ್ ಒರೆಸಿ, ಅದು ಪೂರ್ತಿ ಆರಿದ ಮೇಲೆ ಅದೇ ದಿನ ಫೈಬರ್ ಹಾಕಿ. ಕೆಲಸದವರನ್ನು ಗೊತ್ತು ಮಾಡುವ ಮುನ್ನ ಒಂದೇ ಪ್ರಶ್ನೆ ಕೇಳಿ: ಹಳೆಯ ಮೈಯನ್ನು ಹೇಗೆ ತಯಾರು ಮಾಡುತ್ತೀರಿ? ಉಜ್ಜುವ ಮಾತು ಬಾರದೆ ನೇರ ಮ್ಯಾಟ್‌ಗೆ ಹೋದರೆ ಬೇರೆಯವರನ್ನು ಹುಡುಕಿ.

ತೊಲೆಯನ್ನು ತಳದ ಮೇಲೆ ಪೇಸ್ಟ್ ಇಲ್ಲದೆ ಬರಿದಾಗಿ ಇಡಬೇಡಿ. ರೆಸಿನ್‌ಗೆ ಅದನ್ನು ಮಂದ ಮಾಡುವ ಏರೋಸಿಲ್ ಎಂಬ ನಯವಾದ ಸಿಲಿಕಾ ಪುಡಿ ಮತ್ತು ಕತ್ತರಿಸಿದ ಗಾಜಿನ ಎಳೆ ಬೆರೆಸಿ ಮಂದವಾದ ಪೇಸ್ಟ್ ಮಾಡಿ, ಅದರ ಮೇಲೆ ತೊಲೆ ಕೂರಿಸಿ. ಎರಡೂ ಪಕ್ಕದ ಮೂಲೆಗಳಿಗೆ ಅದೇ ಪೇಸ್ಟ್ ಹಾಕಿ, ಹಳೆಯ ಚಮಚದ ಬೆನ್ನಿನಿಂದ ಎಳೆದು ಮೂಲೆಯನ್ನು ದುಂಡಗೆ ಮಾಡಿ. ಗಾಜಿನ ಎಳೆ ಚೂಪಾದ ಮೂಲೆಯಲ್ಲಿ ಕೂರುವುದಿಲ್ಲ, ಕೆಳಗೆ ಗಾಳಿ ಉಳಿಯುತ್ತದೆ. ಸೀಮೆಸುಣ್ಣದ ಪುಡಿ ಕಲಸಿದ ಅಗ್ಗದ ಪುಟ್ಟಿ ಇಲ್ಲಿ ಬೇಡ, ಅದು ಬಿರುಕು ಬಿಡುತ್ತದೆ. ತೊಲೆಯ ಮೇಲಂಚುಗಳನ್ನೂ ಸ್ವಲ್ಪ ದುಂಡಗೆ ಮಾಡಿ.

ಪದರಗಳು ಹೀಗಿರಲಿ: ಮೊದಲು 450 ಗ್ರಾಂ (ಚದರ ಮೀಟರಿಗೆ) ಮ್ಯಾಟ್, ಅದರ ಮೇಲೆ 600 ಗ್ರಾಂ ನೇಯ್ದ ರೋವಿಂಗ್, ಅಂದರೆ ದಪ್ಪ ಗಾಜಿನ ಎಳೆಯ ಬಟ್ಟೆ, ಮತ್ತೆ ಮ್ಯಾಟ್, ಮತ್ತೆ ರೋವಿಂಗ್, ಕೊನೆಗೆ ಮ್ಯಾಟ್. ಮೊದಲ ಪದರ ತಳದ ಮೇಲೆ 50 ಮಿ.ಮೀ. ಚಾಚಿದರೆ ಮುಂದಿನದು 75, ಆಮೇಲಿನದು 100, ಹೀಗೆ ಅಗಲಿಸುತ್ತ ಹೋಗಿ. ಎಲ್ಲವೂ ಒಂದೇ ಗೆರೆಯಲ್ಲಿ ಮುಗಿದರೆ ಆ ಗೆರೆಯಲ್ಲೇ ತಳ ಬಿರಿಯುತ್ತದೆ. ಪ್ರತಿ ಪದರವನ್ನೂ ಲೋಹದ ಹಲ್ಲಿನ ರೋಲರ್‌ನಿಂದ ಮಧ್ಯದಿಂದ ಹೊರಕ್ಕೆ ಉರುಳಿಸಿ. ಬೆಳ್ಳಗಿದ್ದ ಮ್ಯಾಟ್ ರೆಸಿನ್ ಕುಡಿದು ಪಾರದರ್ಶಕವಾಗುವುದು ಕಣ್ಣೆದುರೇ ಕಾಣುತ್ತದೆ. ಎಲ್ಲಿ ಬಿಳಿ ಚುಕ್ಕೆ ಉಳಿದಿದೆಯೋ ಅಲ್ಲಿ ಗಾಳಿ ಸಿಕ್ಕಿದೆ, ರೋಲರನ್ನು ಅಲ್ಲಿಗೆ ತಿರುಗಿಸಿ. ರೆಸಿನ್ ಕೊಳದಂತೆ ನಿಂತಿದ್ದರೆ ಅದು ಬಲವಲ್ಲ, ಬರಿಯ ತೂಕ. ಅದನ್ನು ಬ್ರಷ್‌ನಿಂದ ಎತ್ತಿ ಮುಂದಿನ ಜಾಗಕ್ಕೆ ಎಳೆಯಿರಿ. ಮ್ಯಾಟ್‌ನ ತೂಕದ ಎರಡರಿಂದ ಎರಡೂವರೆ ಪಟ್ಟು ರೆಸಿನ್, ರೋವಿಂಗ್‌ಗೆ ಅದರಷ್ಟೇ ತೂಕದ ರೆಸಿನ್ ಎಂಬ ಲೆಕ್ಕ ಇಟ್ಟುಕೊಳ್ಳಿ. ಈ ಲೆಕ್ಕದಲ್ಲಿ ನಿಮ್ಮ ದೋಣಿಯ ತೊಲೆ, ನೆಲ, ಹಿಂಬದಿಯ ಹಲಗೆ ಎಲ್ಲ ಸೇರಿ 40ರಿಂದ 45 ಕೆಜಿ ರೆಸಿನ್ ಬೇಕಾಗಬಹುದು.

ಯಾವ ರೆಸಿನ್? ಬಾಗಿಲು, ಟ್ಯಾಂಕುಗಳಿಗೆ ಬಳಸುವ ಸಾಮಾನ್ಯ ಪಾಲಿಯೆಸ್ಟರ್ ಬೇಡ. ಐಸೋಫ್ತಾಲಿಕ್ ಪಾಲಿಯೆಸ್ಟರ್ ಕನಿಷ್ಠ ದರ್ಜೆ. ಹಣ ಹೊಂದಿಸಿಕೊಂಡರೆ ವಿನೈಲ್ ಎಸ್ಟರ್ ತನ್ನಿ, ಹಳೆಯ ಮೈಗೆ ಅದು ಇನ್ನೂ ಚೆನ್ನಾಗಿ ಅಂಟುತ್ತದೆ, ನೀರಿಗೂ ಬಗ್ಗುವುದಿಲ್ಲ. ಬೆಂಗಳೂರಿನ ರೆಸಿನ್ ಅಂಗಡಿಗಳಲ್ಲಿ ಎರಡೂ ಸಿಗುತ್ತವೆ. ಡಬ್ಬಿಯ ಮೇಲಿನ ತಯಾರಿಕೆಯ ತಾರೀಖು ನೋಡಿ ಕೊಳ್ಳಿ, ನಮ್ಮ ಬೇಸಿಗೆಯ ಸೆಕೆಯಲ್ಲಿ ರೆಸಿನ್ ಬೇಗ ಹಾಳಾಗುತ್ತದೆ. ಅಂಟುವುದರಲ್ಲಿ ಎಲ್ಲಕ್ಕಿಂತ ಮೇಲು ಎಪಾಕ್ಸಿ, ಬೆಲೆಯೂ ಹಾಗೆಯೇ. ಅದನ್ನು ನಾನು ಹಿಂಬದಿಯ ಹಲಗೆಗೆ ಮೀಸಲಿಡುತ್ತೇನೆ. ಒಂದು ನಿಯಮ ಮರೆಯಬೇಡಿ: ಗಟ್ಟಿಯಾದ ಪಾಲಿಯೆಸ್ಟರ್ ಮೇಲೆ ಎಪಾಕ್ಸಿ ಹಿಡಿಯುತ್ತದೆ, ಎಪಾಕ್ಸಿಯ ಮೇಲೆ ಪಾಲಿಯೆಸ್ಟರ್ ಸರಿಯಾಗಿ ಹಿಡಿಯುವುದಿಲ್ಲ. ಹಾಗಾಗಿ ಮೊದಲು ತೊಲೆಗಳು, ಆಮೇಲೆ ಹಿಂಬದಿಯ ಹಲಗೆ. ತೊಲೆಗಳ ಹಿಂತುದಿಯನ್ನೂ ನೆಲದ ಹಿಂದಿನ ಅಂಚನ್ನೂ ಹಲಗೆಗೆ ಬೆಸೆಯುವುದು ಎಪಾಕ್ಸಿಯಿಂದಲೇ ಆಗಲಿ. ಎಪಾಕ್ಸಿ ಹಾಕುವಲ್ಲಿ ಮ್ಯಾಟ್ ಬದಲು ಎರಡು ದಿಕ್ಕಿನ ಎಳೆಗಳಿಗೆ ಹೊಲಿಗೆ ಹಾಕಿದ ಬಯಾಕ್ಸಿಯಲ್ ಬಟ್ಟೆ ತನ್ನಿ. ಮ್ಯಾಟ್‌ನ ಎಳೆಗಳನ್ನು ಹಿಡಿದಿಡುವ ಅಂಟು ಸ್ಟೈರೀನ್‌ನಲ್ಲಿ ಕರಗುತ್ತದೆ, ಎಪಾಕ್ಸಿಯಲ್ಲಿ ಸ್ಟೈರೀನ್ ಇರುವುದಿಲ್ಲ.

ರೆಸಿನನ್ನು ಗಟ್ಟಿಯಾಗಿಸುವ ಹಾರ್ಡನರ್ ವಿಷಯದಲ್ಲಿ ಕಣ್ಣಳತೆ ಬೇಡ. 1 ಕೆಜಿ ಪಾಲಿಯೆಸ್ಟರ್ ಅಥವಾ ವಿನೈಲ್ ಎಸ್ಟರ್ ರೆಸಿನ್‌ಗೆ 10ರಿಂದ 20 ಗ್ರಾಂ ಸಾಮಾನ್ಯ ಮಿತಿ. ಮಾರ್ಚ್ ಏಪ್ರಿಲ್ ಬಿಸಿಲಿನಲ್ಲಿ 10 ಗ್ರಾಂ ಹತ್ತಿರವೇ ಇರಿ, ಒಮ್ಮೆಗೆ ಅರ್ಧ ಕೆಜಿಗಿಂತ ಹೆಚ್ಚು ಕಲಸಬೇಡಿ, ಕೆಲಸವನ್ನು ಬೆಳಗಿನ ಹೊತ್ತಿನಲ್ಲಿ ನೆರಳಿನಲ್ಲಿ ಮುಗಿಸಿ. ಬೇಗ ಗಟ್ಟಿಯಾಗದಿರಲಿ ಎಂದು ಹಾರ್ಡನರನ್ನು 10 ಗ್ರಾಂಗಿಂತ ಕೆಳಗಿಳಿಸಿದರೆ ರೆಸಿನ್ ಎಂದೂ ಪೂರ್ತಿ ಬಲಿಯುವುದಿಲ್ಲ. ಎಪಾಕ್ಸಿಯ ಎರಡು ಭಾಗಗಳ ಪ್ರಮಾಣವನ್ನಂತೂ ಯಾವ ಕಾರಣಕ್ಕೂ ಬದಲಿಸುವಂತಿಲ್ಲ.

ಇನ್ನು ನಾನು ಕೈಮುಗಿದು ಹೇಳುವ ಮಾತು. ರೆಸಿನ್ ಜೊತೆ ಬರುವ, ಗಟ್ಟಿಯಾಗುವುದನ್ನು ಚುರುಕು ಮಾಡುವ ನೇರಳೆ ಬಣ್ಣದ ಕೋಬಾಲ್ಟ್ ದ್ರವವನ್ನೂ ಹಾರ್ಡನರನ್ನೂ ಎಂದಿಗೂ ನೇರವಾಗಿ ಒಂದಕ್ಕೊಂದು ಬೆರೆಸಬೇಡಿ. ಬೆಂಕಿ ಹತ್ತಿ ಸಿಡಿಯುತ್ತದೆ. ಕೋಬಾಲ್ಟನ್ನು ಮೊದಲು ರೆಸಿನ್‌ಗೆ ಹಾಕಿ ಪೂರ್ತಿ ಕಲಸಿ, ಆಮೇಲಷ್ಟೇ ಹಾರ್ಡನರ್ ಹಾಕಿ ಮತ್ತೆ ಕಲಸಿ. ಎರಡಕ್ಕೂ ಅಳತೆಯ ಲೋಟ ಬೇರೆ ಬೇರೆ ಇರಲಿ. ಕೋಬಾಲ್ಟ್ ಬೆರೆಸಿಯೇ ಬರುವ ರೆಸಿನ್ ಕೊಂಡರೆ ಈ ತಲೆನೋವೇ ಇಲ್ಲ. ಹಾರ್ಡನರ್ ಕಣ್ಣಿಗೆ ಸಿಡಿದರೆ ದೃಷ್ಟಿ ಹೋಗಬಹುದು. ಕನ್ನಡಕ ತೊಟ್ಟೇ ಕಲಸಿ, ಪಕ್ಕದಲ್ಲಿ ಒಂದು ಬಿಂದಿಗೆ ಶುದ್ಧ ನೀರಿರಲಿ. ಸಿಡಿದರೆ ಕನಿಷ್ಠ 15 ನಿಮಿಷ ಕಣ್ಣನ್ನು ತೊಳೆಯುತ್ತಲೇ ಇದ್ದು ಆಸ್ಪತ್ರೆಗೆ ಓಡಿ. ಉಜ್ಜುವಾಗ ಏಳುವ ಗಾಜಿನ ಧೂಳಿಗೆ ಟವೆಲ್ ಕಟ್ಟಿಕೊಂಡರೆ ಸಾಲದು, ಧೂಳಿನ ಮಾಸ್ಕ್ ಬೇಕು. ರೆಸಿನ್ ಆವಿಗೆ ಇದ್ದಿಲಿನ ಕಾರ್ಟ್ರಿಜ್ ಇರುವ ಮಾಸ್ಕ್ ಬೇರೆಯೇ ಬೇಕು. ಉಳಿದ ರೆಸಿನ್ ಡಬ್ಬಿಯಲ್ಲೇ ಕಾದು ಹೊಗೆಯಾಡುತ್ತದೆ, ಅದನ್ನು ಬಯಲಿನಲ್ಲಿ ಮರಳಿನ ಮೇಲೆ ತೆಳುವಾಗಿ ಸುರಿಯಿರಿ. ಅಸಿಟೋನ್ ಇರುವ ಕಡೆ ಬೀಡಿ ಹಚ್ಚಬಾರದು.

ಹಿಂಬದಿಯ ಹಲಗೆಯ ಒಳಗಿನ ಕೊಳೆತ ಮರವನ್ನು ಒಳಗಿನಿಂದ ಕೆತ್ತಿ ತೆಗೆದು, ಹೊರಗಿನ ಫೈಬರ್ ಮೈಯನ್ನು ಹಾಗೆಯೇ ಉಳಿಸಿಕೊಳ್ಳಿ. 18 ಮಿ.ಮೀ. ಮೆರೈನ್ ಪ್ಲೈವುಡ್ ಎರಡು ಹಾಳೆಗಳನ್ನು ಎಪಾಕ್ಸಿ ಪೇಸ್ಟ್‌ನಿಂದ ಒಂದಕ್ಕೊಂದು ಬೆಸೆದರೆ ಎಂಜಿನ್ ಹಿಡಿಕೆಗೆ ಬೇಕಾದ ಒಂದೂವರೆ ಅಂಗುಲದ ಆಸುಪಾಸಿಗೆ ಬರುತ್ತದೆ. ಪ್ಲೈವುಡ್ ಮೇಲೆ ಐಎಸ್ 710 ಎಂಬ ಮುದ್ರೆ ಇರಲೇಬೇಕು. ಅಡುಗೆಮನೆಯ ಕಪಾಟಿಗೆ ಕೊಡುವುದು ಬೇರೆ ದರ್ಜೆ. ಐಎಸ್ 710 ಪ್ಲೈವುಡ್‌ನ ಅಂಟು ನೀರಿಗೆ ಬಿಡುವುದಿಲ್ಲ, ಆದರೂ ಮರ ಸದಾ ನೀರು ಕುಡಿಯುತ್ತಿದ್ದರೆ ಒಂದು ದಿನ ಕೊಳೆಯಬಹುದು. ಅದಕ್ಕಾಗಿ ಪ್ರತಿ ಅಂಚಿಗೂ ಎಪಾಕ್ಸಿ ಕುಡಿಸಿ. ಬೋಲ್ಟ್ ಬರುವ ತೂತನ್ನು ಬೇಕಾದ್ದಕ್ಕಿಂತ ದೊಡ್ಡದಾಗಿ ಕೊರೆದು, ಎಪಾಕ್ಸಿ ಪೇಸ್ಟ್ ತುಂಬಿ, ಗಟ್ಟಿಯಾದ ಮೇಲೆ ಅದರ ನಡುವೆ ಸರಿಯಾದ ಅಳತೆಗೆ ಮತ್ತೆ ಕೊರೆಯಿರಿ. ಆಗ ಬೋಲ್ಟ್ ಜೊತೆ ನೀರು ಇಳಿದರೂ ಮರದವರೆಗೆ ಹೋಗುವುದಿಲ್ಲ. ಡ್ರೈನ್ ರಂಧ್ರಕ್ಕೂ ಇದೇ ಕ್ರಮ. ನಿಮ್ಮ ಎಂಜಿನ್ನಿನ ಶಾಫ್ಟ್ 15 ಅಂಗುಲದ್ದೋ 20 ಅಂಗುಲದ್ದೋ ನೋಡಿಕೊಂಡು ಹಲಗೆಯ ಎತ್ತರವನ್ನು ಈಗಲೇ ಹೊಂದಿಸಿ.

ನೆಲ ಮುಚ್ಚುವ ಮೊದಲು ನೀರು ಹರಿಯುವ ದಾರಿ ಆಗಬೇಕು. ಪ್ರತಿ ಅಡ್ಡತೊಲೆಯ ಅತಿ ತಗ್ಗಿನ ಬಿಂದುವಿನಲ್ಲಿ ಒಂದು ಅಂಗುಲದ ರಂಧ್ರ ಬಿಟ್ಟು ಅದರ ಒಳಮೈಗೆ ರೆಸಿನ್ ಹೊಡೆಯಿರಿ. ಮೂತಿಯ ಕಡೆ ಒಂದು ಕೊಡ ನೀರು ಸುರಿದು ಹಿಂದೆ ಹೋಗಿ ನೋಡಿ. ಎಲ್ಲಿಯೂ ನಿಲ್ಲದೆ ಡ್ರೈನ್ ಪ್ಲಗ್‌ವರೆಗೆ ಬಂದರೆ ಮುಂದುವರಿಯಿರಿ. ನಿಮ್ಮ ಹಳೆಯ ತೊಲೆಗಳು ಕೊಳೆತದ್ದಕ್ಕೆ ಮಳೆನೀರು ಹೀಗೆ ಎಲ್ಲೋ ನಿಂತದ್ದೇ ಕಾರಣವಾಗಿರುವ ಸಂಭವ ಹೆಚ್ಚು.

ನೆಲ ಹಾಕುವುದು ಇಷ್ಟೆಲ್ಲದರ ಮುಂದೆ ಸುಲಭದ ಕೆಲಸ. 12 ಮಿ.ಮೀ. ಐಎಸ್ 710 ಪ್ಲೈವುಡ್, 8x4ರ ಎರಡು ಹಾಳೆ ಸಾಕಾಗಬಹುದು. ಕೆಳಮುಖಕ್ಕೆ ಮತ್ತು ಅಂಚುಗಳಿಗೆ ರೆಸಿನ್ ಕುಡಿಸಿ, 300 ಗ್ರಾಂ ಮ್ಯಾಟ್ ಒಂದು ಪದರ ಹಾಕಿ, ಒಣಗಿದ ಮೇಲೆಯೇ ದೋಣಿಯೊಳಗೆ ಇಳಿಸಿ. ಜೋಡಣೆ ಅಡ್ಡತೊಲೆಯ ಮೇಲೆ ಬರಲಿ. ಪ್ಲೈವುಡ್‌ನ ಅಂಚು ದೋಣಿಯ ಪಕ್ಕಕ್ಕೆ ಒತ್ತಿಕೊಳ್ಳಬಾರದು; ಐದಾರು ಮಿ.ಮೀ. ಸಂದು ಬಿಟ್ಟು ಪೇಸ್ಟ್ ತುಂಬಿ. ಮೇಲೆ ಎರಡು ಪದರ 450 ಗ್ರಾಂ ಮ್ಯಾಟ್, ಪಕ್ಕಗಳಿಗೆ ನಾಲ್ಕು ಅಂಗುಲ ಏರಿಸಿ. ಕೊನೆಯ ಕೈ ಹಸಿ ಇರುವಾಗ ಜರಡಿ ಹಿಡಿದ ಒಣ ಮರಳನ್ನು ಉದುರಿಸಿದರೆ ಮೀನಿನ ಲೋಳೆಯ ಮೇಲೂ ಕಾಲು ಜಾರುವುದಿಲ್ಲ. ಕೈ ಹೋಗುವಷ್ಟು ಅಗಲದ ಎರಡು ತಿರುಗಿಸುವ ಮುಚ್ಚಳಗಳನ್ನು ಮುಂದೊಂದು ಹಿಂದೊಂದು ಇಡಿ. ದೋಣಿ ದಡದಲ್ಲಿರುವಾಗ ಅವು ತೆರೆದೇ ಇರಲಿ, ಕೆಳಗೆ ಗಾಳಿ ಆಡಬೇಕು.

ಕಾಲದ ಬಗ್ಗೆ ಕೇಳಿದ್ದೀರಿ. ನಮ್ಮ ಜಿಲ್ಲೆಯಲ್ಲಿ ಸೆಪ್ಟೆಂಬರ್ ಅಕ್ಟೋಬರ್ ಮಳೆಯೇ ಜೋರು, ಆಗ ಈ ಕೆಲಸ ಹಿಡಿದರೆ ಮರವೂ ಒಣಗುವುದಿಲ್ಲ, ರೆಸಿನ್ನೂ ಕೈಕೊಡುತ್ತದೆ. ಜನವರಿಯಲ್ಲಿ ನೆಲ ತೆರೆದು, ಆ ತಿಂಗಳು ಪೂರ್ತಿ ಒಣಗಲು ಬಿಟ್ಟು, ಫೆಬ್ರವರಿ ಮಾರ್ಚ್‌ನಲ್ಲಿ ಫೈಬರ್ ಕೆಲಸ ಮುಗಿಸಿ. ಮೂರು ದಿನದ ಕೆಲಸ ಇದಲ್ಲ. ಎರಡು ಮೂರು ತಿಂಗಳು ಬೇಕು, ಅದರಲ್ಲಿ ಹೆಚ್ಚಿನದು ಕಾಯುವುದೇ. ಕೊನೆಯ ಪದರ ಹಾಕಿದ ಮೇಲೆ ಒಂದು ವಾರ ಎಂಜಿನ್ ಕೂರಿಸಬೇಡಿ. ಬೇಸಿಗೆಯಲ್ಲಿ ಜಲಾಶಯದ ನೀರು ಇಳಿದಾಗ ದೋಣಿಯನ್ನು ಕಲ್ಲಿನ ಮೇಲೆ ಎಳೆಯುವ ಅಭ್ಯಾಸವೂ ನಿಲ್ಲಬೇಕು. ತಳದ ಹೊರಮೈಯ ಲೇಪ, ಅಂದರೆ ಜೆಲ್‌ಕೋಟ್, ಅರ್ಧ ಮಿಲಿಮೀಟರ್ ದಪ್ಪವಿರುತ್ತದೆ ಅಷ್ಟೇ. ಅದು ಸವೆದರೆ ನೀರು ನೇರ ಗಾಜಿನ ಎಳೆಗಳಿಗೆ ಇಳಿಯುತ್ತದೆ.

ಮುಂದೆ ಎಡಿಯೂರಿಗೆ ಬರುವ ಯಾತ್ರಿಕರನ್ನು ಜಲಾಶಯದಲ್ಲಿ ಸುತ್ತಾಡಿಸುವ ಯೋಚನೆ ನಿಮ್ಮ ಗುಂಪಿನಲ್ಲಿ ಯಾರಿಗಾದರೂ ಇದ್ದರೆ, ಎಂಜಿನ್ ದೋಣಿಗೆ 2021ರ ಒಳನಾಡು ಹಡಗುಗಳ ಕಾಯ್ದೆಯಡಿ ತಪಾಸಣೆ ಮತ್ತು ನೋಂದಣಿ ಬೇಕು. ನೆಲ ಮುಚ್ಚುವ ಮೊದಲೇ ಈ ವಿಷಯ ವಿಚಾರಿಸಿ, ತೊಲೆಗಳು ಕಣ್ಣಿಗೆ ಕಾಣುವಾಗ ತೋರಿಸುವುದು ನಿಮಗೇ ಅನುಕೂಲ.

ಇಷ್ಟು ಖರ್ಚು ಈ ದೋಣಿಗೆ ತಕ್ಕದ್ದೇ ಎಂಬುದನ್ನು ನಿರ್ಧರಿಸುವುದು ತಳದ ಫೈಬರ್. ನೆಲ ತೆಗೆದ ಮೇಲೆ ಒಳಗಿನಿಂದ ತಳವನ್ನು ತಟ್ಟಿ ನೋಡಿ. ಅಲ್ಲಿ ಬಿಗಿಯಾದ ಸದ್ದಿದ್ದು, ತೊಲೆಯ ಗುಂಟ ಉದ್ದ ಬಿರುಕುಗಳಿಲ್ಲದಿದ್ದರೆ ಧೈರ್ಯವಾಗಿ ಮುಂದುವರಿಯಿರಿ. ತಳದಲ್ಲಿಯೇ ಅಲ್ಲಲ್ಲಿ ಪದರ ಬಿಟ್ಟ ಮಂಕು ಸದ್ದು ಬಂದರೆ ಒಂದು ರೂಪಾಯಿಯನ್ನೂ ಹಾಕುವ ಮೊದಲು ಕೆಲಸ ನಿಲ್ಲಿಸಿ, ಆ ಜಾಗಗಳ ಪಕ್ಕ ಅಡಿಪಟ್ಟಿ ಇಟ್ಟು ಹಗಲು ಬೆಳಕಿನಲ್ಲಿ ಫೋಟೊ ತೆಗೆದು, ಡ್ರಿಲ್ ಪುಡಿಯ ಫೋಟೊ ಜೊತೆಗೆ ನನಗೆ ಕಳುಹಿಸಿ. ನೋಡಿ ಬರೆಯುತ್ತೇನೆ.